ಟಿಕೆಟಿನಲ್ಲಿ ಒಂದು ಗಂಟೆ, ಮನೆಯಿಂದ ಮನೆಗೆ ಆರು: ಬೆಂಗಳೂರು–ಮಂಗಳೂರು ವಿಮಾನ

ನಾನಿರುವುದು ಜಯನಗರದಲ್ಲಿ, ಅಮ್ಮ ಇರುವುದು ಪುತ್ತೂರಿನಲ್ಲಿ. ಆರು ವರ್ಷಗಳಿಂದ ಈ ವಿಮಾನದಲ್ಲಿ ಓಡಾಡುತ್ತಿದ್ದೇನೆ. ವರ್ಷಕ್ಕೆ ನಾಲ್ಕೈದು ಸಲವಾದರೂ ಆಗುತ್ತದೆ.

ದೇವನಹಳ್ಳಿಯಿಂದ ಮಂಗಳೂರಿನ ಏರ್‌ಪೋರ್ಟ್ ಇರುವ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಟಿಕೆಟಿನಲ್ಲಿ ಒಂದು ಗಂಟೆ ಐದು ನಿಮಿಷ, ಹತ್ತು ನಿಮಿಷ ಅಂತಿರುತ್ತದೆ. ಗಾಳಿಯಲ್ಲಿ ಇರುವುದು ಮುಕ್ಕಾಲು ಗಂಟೆ ಅಷ್ಟೇ. ಎಟಿಆರ್, ಅಂದರೆ ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ ಆದರೆ ಹತ್ತು ನಿಮಿಷ ಜಾಸ್ತಿ. ನೀರು ಕುಡಿದು ಮುಗಿಸುವಷ್ಟರಲ್ಲಿ ಇಳಿಯುವ ಹೊತ್ತು.

ಆದರೆ ಮನೆಯಿಂದ ಮನೆಗೆ ಲೆಕ್ಕ ಹಾಕಿ. ಜಯನಗರದಿಂದ ಏರ್‌ಪೋರ್ಟಿಗೆ ಒಂದೂಮುಕ್ಕಾಲು ಗಂಟೆ. ಅಲ್ಲಿ ಒಂದೂಕಾಲು ಗಂಟೆ ಕಾಯಬೇಕು. ಇಳಿದ ಮೇಲೆ ಬ್ಯಾಗಿಗೆ ಇಪ್ಪತ್ತು ನಿಮಿಷ. ಅಲ್ಲಿಂದ ಕೈಕಂಬ, ಬಿ.ಸಿ. ರೋಡ್ ದಾಟಿ ಪುತ್ತೂರಿಗೆ ಒಂದೂವರೆ ಗಂಟೆ. ಎಲ್ಲ ಸೇರಿ ಆರು ಗಂಟೆ ಹತ್ತಿರ! ರಾತ್ರಿ ಬಸ್ಸು ಎಂಟು ಗಂಟೆಯಲ್ಲಿ ಊರಿಗೆ ಬಿಡುತ್ತದೆ, ಅದೂ ಮಲಗಿಸಿಕೊಂಡು. ಉಳಿಯುವುದು ಎರಡೇ ಗಂಟೆ. ನನ್ನ ಅಕ್ಕನ ಮನೆ ಹೆಬ್ಬಾಳದ ಹತ್ತಿರ. ಅವಳಿಗೆ ನಾಲ್ಕೂವರೆ ಗಂಟೆ ಸಾಕು. ಹಾಗಾಗಿ ಬೆಂಗಳೂರಿನ ಯಾವ ಮೂಲೆಯಲ್ಲಿದ್ದೀರಿ ಅನ್ನುವುದನ್ನು ಮೊದಲು ನೋಡಿ, ಆಮೇಲೆ ಟಿಕೆಟ್ ದರ ನೋಡಿ.

ದರ ಒಂದೇ ತರ ಇರುವುದಿಲ್ಲ. ನಾನು 2,400 ರೂಪಾಯಿಗೂ ಹೋಗಿದ್ದೇನೆ, ದೀಪಾವಳಿಗೆ 9,000 ಕೊಟ್ಟೂ ಹೋಗಿದ್ದೇನೆ.

ಮಳೆಗಾಲದ ಕತೆ ಬೇರೆ. 2024ರ ಜುಲೈ ಕೊನೆಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯಿತು. ಅದೇ ಹೊತ್ತಿಗೆ ಎಡಕುಮೇರಿ ಬಳಿ ರೈಲು ಹಳಿಯ ಕೆಳಗಿನ ಮಣ್ಣೂ ಜಾರಿತು. ಬಸ್ಸಿಲ್ಲ, ರೈಲಿಲ್ಲ. ಆಗ ಈ ಮುಕ್ಕಾಲು ಗಂಟೆಯ ಹಾರಾಟದ ಬೆಲೆ ಗೊತ್ತಾಯಿತು. ಹಾಗಂತ ವಿಮಾನಕ್ಕೂ ಮಳೆ ಬಿಟ್ಟಿದ್ದಲ್ಲ. ಬಜ್ಪೆಯದು ಗುಡ್ಡದ ನೆತ್ತಿಯ ಮೇಲಿನ ರನ್‌ವೇ. ಮೋಡ ಕವಿದರೆ ಏನೂ ಕಾಣುವುದಿಲ್ಲ. ಒಮ್ಮೆ ನಾವು ಮೇಲೆ ಸುತ್ತು ಹೊಡೆದು ಹೊಡೆದು ಬೆಂಗಳೂರಿಗೇ ವಾಪಸ್ ಬಂದೆವು. ಪೈಲಟ್ ಇಳಿಸದೇ ಇದ್ದದ್ದು ಸರಿ. ಬೇಜಾರಾದದ್ದು ಆಮೇಲೆ: ಮುಂದಿನ ವಿಮಾನ ಯಾವಾಗ ಅಂತ ಮೂರು ಗಂಟೆ ಯಾರೂ ಹೇಳಲಿಲ್ಲ. ಆ ಕಂಪನಿಯ ಟಿಕೆಟ್ ಮಳೆಗಾಲದಲ್ಲಿ ಈಗ ತೆಗೆಯುವುದಿಲ್ಲ.

ಅಮ್ಮನಿಗೆ ಎಪ್ಪತ್ತಾರು, ಮಂಡಿನೋವು. ಬಸ್ಸಿನಲ್ಲಿ ಬಂದರೆ ಎರಡು ದಿನ ಕಾಲು ಊದಿಕೊಂಡಿರುತ್ತಿತ್ತು. ಮೊದಲ ಸಲ ವಿಮಾನದಲ್ಲಿ ಬಂದವರು ಮನೆಯೊಳಗೆ ಕಾಲಿಟ್ಟ ತಕ್ಷಣ ಹೇಳಿದ್ದು, "ಈ ಸಲ ಕಾಲು ಊದಲೇ ಇಲ್ಲ ಮಾರಾಯ" ಅಂತ. ವ್ಹೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಹಾಕಿ. ತಳ್ಳಿಕೊಂಡು ಬರುವ ಹುಡುಗರು ತುಂಬ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಎಟಿಆರ್‌ಗೆ ಮೆಟ್ಟಿಲು ಹತ್ತಬೇಕಾಗುತ್ತದೆ. ವಯಸ್ಸಾದವರಿಗೆ ಏರ್‌ಬ್ರಿಡ್ಜ್ (ಟರ್ಮಿನಲ್‌ನಿಂದ ನೇರ ವಿಮಾನದ ಬಾಗಿಲಿಗೆ ನಡೆದು ಹೋಗುವ ದಾರಿ) ಸಿಗುವ ದೊಡ್ಡ ವಿಮಾನವೇ ಮೇಲು.

ಲಗೇಜು 15 ಕೆ.ಜಿ. ಕುಚ್ಚಲಕ್ಕಿ, ಹಲಸಿನ ಹಪ್ಪಳ ಹಾಕುವಷ್ಟರಲ್ಲಿ ಮುಗಿಯುತ್ತದೆ. ಮಿಡಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಬಿಡಲಿಲ್ಲ. ಅದನ್ನು ಗಟ್ಟಿಯಾಗಿ ಕಟ್ಟಿ ಚೆಕ್-ಇನ್ ಬ್ಯಾಗಿಗೇ ಹಾಕಿ.

ದೀಪಾವಳಿ ಆದ ಮೇಲೆ, ದರ ಇಳಿದಾಗ, ಅಮ್ಮನಿಗೆ ಮತ್ತೆ ಟಿಕೆಟ್ ಮಾಡಿಸುತ್ತೇನೆ. ನಾನೊಬ್ಬನೇ ಹೋಗುವುದಾದರೆ ರಾತ್ರಿ ಬಸ್ಸು.