ನಗರಗಳ ಬೆಲೆ ಹೋಲಿಸುವ ನಂಬಿಯೊ: ಬುಟ್ಟಿಯಲ್ಲಿ ಏನಿದೆ, ಏನಿಲ್ಲ

ಕೆಲಸಕ್ಕೋ ಓದಿಗೋ ಬೇರೆ ದೇಶಕ್ಕೆ ಹೊರಡುವವರು ಮೊದಲು ತಿಳಿಯಬಯಸುವುದು ಅಲ್ಲಿನ ಹಾಲು, ಅಕ್ಕಿ, ಮನೆ ಬಾಡಿಗೆ ಮತ್ತು ಬಸ್ಸಿನ ದರಗಳನ್ನು. ಈ ಹುಡುಕಾಟ ಬಹುಮಟ್ಟಿಗೆ ನಂಬಿಯೊ ಎಂಬ ಜಾಲತಾಣಕ್ಕೆ ಬಂದು ಸೇರುತ್ತದೆ. ಹಿಂದೆ ಗೂಗಲ್‌ನಲ್ಲಿ ಎಂಜಿನಿಯರ್ ಆಗಿದ್ದ ಮ್ಲಾಡೆನ್ ಆಡಮೊವಿಚ್ 2009ರಲ್ಲಿ ಆರಂಭಿಸಿದ ಈ ತಾಣವನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಇದರಲ್ಲಿರುವ ಬಿಡಿ ಬಿಡಿ ಬೆಲೆಗಳು ಬಹಳ ಉಪಯುಕ್ತವಾಗಿವೆ. ಆದರೆ ಪತ್ರಿಕೆಗಳು ಮತ್ತೆ ಮತ್ತೆ ಉಲ್ಲೇಖಿಸುವ ಒಟ್ಟು ಸೂಚ್ಯಂಕವನ್ನು, ಅಂದರೆ ಬೆಲೆಗಳನ್ನು ಒಟ್ಟುಗೂಡಿಸಿ ನಗರಕ್ಕೊಂದು ಅಂಕಿ ಕೊಡುವ ಜೀವನವೆಚ್ಚದ ಸೂಚ್ಯಂಕವನ್ನು, ನೋಡಿ ಯಾರೂ ತಮ್ಮ ಬದುಕಿನ ನಿರ್ಧಾರ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ತಾಣದ ಕೆಲಸದ ರೀತಿ ಸರಳವಾಗಿದೆ. ಆಯಾ ನಗರದಲ್ಲಿ ಇರುವವರು ತಾವು ಕೊಟ್ಟ ಬೆಲೆಯನ್ನು ದಾಖಲಿಸುತ್ತಾರೆ. ಇದರ ಜೊತೆಗೆ ಸೂಪರ್‌ಮಾರ್ಕೆಟ್, ಟ್ಯಾಕ್ಸಿ ಸಂಸ್ಥೆ ಮುಂತಾದವುಗಳ ಜಾಲತಾಣಗಳಿಂದಲೂ ದರಗಳನ್ನು ಸಂಗ್ರಹಿಸಲಾಗುತ್ತದೆ. ತೀರಾ ಅತಿಯೆನಿಸುವ ಅಂಕಿಗಳನ್ನು ಬದಿಗಿಟ್ಟು ಉಳಿದವುಗಳ ಸರಾಸರಿಯನ್ನು ತೋರಿಸುತ್ತಾರೆ. ಸರಾಸರಿಯ ಪಕ್ಕದಲ್ಲಿಯೇ ಕನಿಷ್ಠ ಮತ್ತು ಗರಿಷ್ಠ ಬೆಲೆಯ ವ್ಯಾಪ್ತಿಯನ್ನೂ, ಪುಟದ ಕೊನೆಯಲ್ಲಿ ಎಷ್ಟು ಜನ ಮಾಹಿತಿ ಕೊಟ್ಟಿದ್ದಾರೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಕೊಟ್ಟಿರುವುದು ಈ ತಾಣದ ದೊಡ್ಡ ಗುಣ. ದೊಡ್ಡ ನಗರಗಳಿಗೆ ಮಾಹಿತಿ ಕೊಡುವವರು ಸಾಕಷ್ಟಿರುತ್ತಾರೆ. ಸಣ್ಣ ಊರುಗಳ ವಿಷಯದಲ್ಲಿ ಬೆರಳೆಣಿಕೆಯ ಜನರ ಮಾತೇ ಇಡೀ ಊರಿನ ಬೆಲೆಯಾಗಿ ಕಾಣಿಸಿಕೊಳ್ಳುವುದರಿಂದ ಆ ಸಂಖ್ಯೆಯನ್ನು ನೋಡದೆ ಪುಟವನ್ನು ಮುಚ್ಚಬಾರದು.

ಇನ್ನು ಬುಟ್ಟಿಯ, ಅಂದರೆ ಹೋಲಿಕೆಗೆ ಆರಿಸಿಕೊಂಡ ವಸ್ತುಗಳ ಪಟ್ಟಿಯ, ವಿಚಾರ. ದಿನಸಿಯ ಪಟ್ಟಿಯಲ್ಲಿ ಹಾಲು, ಬ್ರೆಡ್, ಅಕ್ಕಿ, ಮೊಟ್ಟೆ, ಚೀಸ್, ಕೋಳಿ ಮತ್ತು ದನದ ಮಾಂಸ, ಸೇಬು, ಬಾಳೆಹಣ್ಣು, ಟೊಮೆಟೊ, ಆಲೂಗಡ್ಡೆ, ಈರುಳ್ಳಿ, ಲೆಟ್ಯೂಸ್, ವೈನ್, ಬಿಯರ್, ಸಿಗರೇಟು ಮೊದಲಾದವು ಇವೆ. ಬೇಳೆಕಾಳು, ಅಡುಗೆ ಎಣ್ಣೆ, ಹಿಟ್ಟು, ಸಕ್ಕರೆ ಇಲ್ಲ. ಚೀಸ್ ಮತ್ತು ವೈನ್ ನಿತ್ಯದ ವಸ್ತುಗಳಾಗಿರುವ ಮನೆಗೆ ಹೊಂದುವ ಈ ಪಟ್ಟಿಯಿಂದ, ಅವು ಆಮದಾಗಿ ಬರುವ ದೇಶಗಳು ಅಲ್ಲಿನ ಸಾಮಾನ್ಯ ಕುಟುಂಬದ ಅನುಭವಕ್ಕಿಂತ ದುಬಾರಿಯಾಗಿ ತೋರುವ ಸಾಧ್ಯತೆಯಿದೆ. ಬಟ್ಟೆಯ ವಿಭಾಗದಲ್ಲಿಯೂ ಲೀವೈಸ್ ಜೀನ್ಸ್, ನೈಕಿ ಓಟದ ಶೂಗಳಂಥ ಹೆಸರಾಂತ ಮಾಲುಗಳೇ ಅಳತೆಗೋಲಾಗಿವೆ. ಎಲ್ಲೆಡೆಯೂ ಒಂದೇ ವಸ್ತುವನ್ನು ಹೋಲಿಸಬೇಕು ಎಂಬ ಉದ್ದೇಶ ಸರಿಯಾದದ್ದೇ. ಆದರೆ ಆ ವಸ್ತುವನ್ನು ಒಂದು ಕಡೆ ವಿದ್ಯಾರ್ಥಿಗಳೂ ಕೊಳ್ಳುತ್ತಾರೆ, ಇನ್ನೊಂದು ಕಡೆ ಉಳ್ಳವರು ಮಾತ್ರ ಕೊಳ್ಳುತ್ತಾರೆ.

ಒಟ್ಟು ಸೂಚ್ಯಂಕದ ತೊಡಕು ಇದಕ್ಕಿಂತ ಆಳವಾದದ್ದು. ನ್ಯೂಯಾರ್ಕ್ ನಗರವನ್ನು 100 ಎಂದಿಟ್ಟುಕೊಂಡು ಉಳಿದೆಲ್ಲ ನಗರಗಳನ್ನು ಅಳೆಯುವುದರಿಂದ, ನ್ಯೂಯಾರ್ಕಿನಲ್ಲಿ ಬೆಲೆ ಏರಿದರೆ ಅಥವಾ ಡಾಲರಿನ ಮೌಲ್ಯ ಹೆಚ್ಚಿದರೆ, ಬೇರೊಂದು ನಗರದಲ್ಲಿ ಒಂದು ವಸ್ತುವಿನ ಬೆಲೆಯೂ ಇಳಿಯದಿದ್ದರೂ ಅದರ ಅಂಕಿ ಕೆಳಗಿಳಿಯುತ್ತದೆ. 2022ರ ಆರಂಭದಲ್ಲಿ ಡಾಲರಿಗೆ ಸುಮಾರು 115 ಯೆನ್ ಇದ್ದದ್ದು ಅಕ್ಟೋಬರಿನ ಹೊತ್ತಿಗೆ 150ನ್ನು ಮುಟ್ಟಿತು. ಡಾಲರಿನಲ್ಲಿ ಸಂಪಾದಿಸುವವರಿಗೆ ಟೋಕಿಯೊ ಆಗ ನಿಜಕ್ಕೂ ಅಗ್ಗವಾಯಿತು. ಯೆನ್‌ನಲ್ಲಿ ಸಂಬಳ ಪಡೆದು ಅಲ್ಲಿಯೇ ಖರ್ಚು ಮಾಡುವವರಿಗೆ, ಆಮದು ವಸ್ತುಗಳ ಬೆಲೆ ಏರಿದ್ದರಿಂದ, ಬದುಕು ದುಬಾರಿಯೇ ಆಯಿತು. ಒಂದೇ ಸೂಚ್ಯಂಕ ಈ ಇಬ್ಬರಿಗೂ ಉತ್ತರ ಕೊಡಲಾರದು.

ಆದ್ದರಿಂದ ನಾನು ಹೆಚ್ಚು ಬೆಲೆ ಕೊಡುವುದು ಇದೇ ತಾಣದ ಸ್ಥಳೀಯ ಕೊಳ್ಳುವ ಶಕ್ತಿಯ ಸೂಚ್ಯಂಕಕ್ಕೆ. ಒಂದು ನಗರಕ್ಕೆ ಇದು 40 ಎಂದಿದ್ದರೆ, ಅಲ್ಲಿನ ಸರಾಸರಿ ಸಂಬಳದವರು ಅದೇ ಬಗೆಯ ನ್ಯೂಯಾರ್ಕ್ ನಿವಾಸಿಗಿಂತ ಶೇಕಡಾ 60ರಷ್ಟು ಕಡಿಮೆ ಸರಕು ಸೇವೆಗಳನ್ನು ಕೊಳ್ಳಬಲ್ಲರು ಎಂದರ್ಥ. ಅಗ್ಗವೆಂದು ಹೆಸರಾದ ಎಷ್ಟೋ ನಗರಗಳ ನಿಜಸ್ಥಿತಿ ಇಲ್ಲಿ ಬಯಲಾಗುತ್ತದೆ. ಗಡಿ ದಾಟಿ ಮಾರಾಟವಾಗುವ ಫೋನು, ಶೂಗಳ ಬೆಲೆಯಲ್ಲಿ ದೇಶದಿಂದ ದೇಶಕ್ಕಿರುವ ಅಂತರಕ್ಕಿಂತ ಟ್ಯಾಕ್ಸಿ, ಮಕ್ಕಳ ಆರೈಕೆ, ಹೋಟೆಲ್ ಊಟದಂಥ ಸೇವೆಗಳಲ್ಲಿರುವ ಅಂತರ ಬಹಳ ದೊಡ್ಡದು. 1964ರಲ್ಲಿ ಬಲಾಶಾ ಮತ್ತು ಸ್ಯಾಮ್ಯುಯೆಲ್‌ಸನ್ ಎಂಬ ಅರ್ಥಶಾಸ್ತ್ರಜ್ಞರು ಬೇರೆ ಬೇರೆಯಾಗಿ ವಿವರಿಸಿದಂತೆ, ಕೂಲಿ ಕಡಿಮೆಯಿರುವ ಕಡೆ ಸೇವೆ ಅಗ್ಗವಾಗುತ್ತದೆ. ಅಂದರೆ ಪ್ರವಾಸಿಗೆ ಸಿಗುವ ಅಗ್ಗದ ಊಟದ ಹಿಂದೆ ಅದನ್ನು ಬೇಯಿಸಿದವರ ಸಣ್ಣ ಸಂಬಳವಿದೆ.

ಬೆಲೆ ಓದುವಾಗ ತೆರಿಗೆಯ ಕಡೆಗೂ ಗಮನವಿರಲಿ. ಯುರೋಪಿನ ಅಂಗಡಿಗಳಲ್ಲಿ ಚೀಟಿಯ ಮೇಲಿನ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಅಮೆರಿಕದಲ್ಲಿ ಮಾರಾಟ ತೆರಿಗೆಯನ್ನು ಸಾಮಾನ್ಯವಾಗಿ ಬಿಲ್ ಮಾಡುವಾಗ ಸೇರಿಸುತ್ತಾರೆ, ಹೋಟೆಲಿನಲ್ಲಿ ಟಿಪ್ಸ್ ಬೇರೆ. ಪೊಟ್ಟಣದ ಗಾತ್ರವೂ ಲೆಕ್ಕ ಕೆಡಿಸುತ್ತದೆ: ಸುಮಾರು 3.8 ಲೀಟರಿನ ಗ್ಯಾಲನ್ ಕ್ಯಾನಿನಲ್ಲಿ ಹಾಲು ಕೊಳ್ಳುವವರಿಗೆ ಲೀಟರಿಗೆ ಬೀಳುವ ದರ ಸಣ್ಣ ಡಬ್ಬಿ ಕೊಳ್ಳುವವರಿಗಿಂತ ಕಡಿಮೆ.

ಬೇರೆ ಸಾಧನಗಳೂ ಇವೆ. ದಿ ಎಕನಾಮಿಸ್ಟ್ ಪತ್ರಿಕೆ 1986ರಿಂದ ಪ್ರಕಟಿಸುತ್ತಿರುವ ಬಿಗ್ ಮ್ಯಾಕ್ ಸೂಚ್ಯಂಕ ಒಂದೇ ತಿನಿಸಿನ ಬೆಲೆಯಿಂದ ನಾಣ್ಯಗಳ ಮೌಲ್ಯವನ್ನು ಅಂದಾಜಿಸುತ್ತದೆ. ಮನೆಖರ್ಚಿನ ಲೆಕ್ಕಕ್ಕೆ ಅದು ಒದಗದು. ವಿಶ್ವಬ್ಯಾಂಕ್ ಸಂಯೋಜಿಸುವ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮ ಎಲ್ಲಕ್ಕಿಂತ ಶಾಸ್ತ್ರೀಯವಾದದ್ದು. ಆದರೆ 2021ನ್ನು ಆಧಾರ ವರ್ಷವಾಗಿಸಿಕೊಂಡು 176 ಅರ್ಥವ್ಯವಸ್ಥೆಗಳನ್ನು ಅಳೆದ ಅದರ ಫಲಿತಾಂಶ ಹೊರಬಂದದ್ದು 2024ರಲ್ಲಿ, ಅದೂ ನಗರವಾರು ಅಲ್ಲ, ದೇಶವಾರು. ಮುಂದಿನ ತಿಂಗಳು ಮನೆ ಹುಡುಕಬೇಕಾದವರಿಗೆ ನಂಬಿಯೊದಷ್ಟು ಹತ್ತಿರದ ಆಸರೆ ಇವೆರಡರಲ್ಲಿ ಯಾವುದೂ ಅಲ್ಲ.

ಹೊಸದಾಗಿ ಬಳಸುವವರು ಶ್ರೇಯಾಂಕದ ಪುಟವನ್ನು ಬಿಟ್ಟು ನೇರವಾಗಿ ಎರಡು ನಗರಗಳ ಹೋಲಿಕೆಯ ಪುಟಕ್ಕೆ ಹೋಗಿ, ತಾವು ನಿಜವಾಗಿ ಕೊಳ್ಳುವ ವಸ್ತುಗಳನ್ನಷ್ಟೇ ಆರಿಸಿ, ತಿಂಗಳಿಗೆ ಬೇಕಾಗುವ ಪ್ರಮಾಣದಿಂದ ಗುಣಿಸಿಕೊಳ್ಳುವುದು ಒಳ್ಳೆಯದು. ಜೀವನವೆಚ್ಚದ ಸೂಚ್ಯಂಕದಲ್ಲಿ ಮನೆ ಬಾಡಿಗೆ ಸೇರಿಲ್ಲವಾದ್ದರಿಂದ ಅದನ್ನು ಬೇರೆಯಾಗಿಯೇ ನೋಡಬೇಕು. ಪಟ್ಟಿಯಲ್ಲಿಲ್ಲದ ಎಣ್ಣೆ, ಬೇಳೆ, ಹಿಟ್ಟುಗಳ ದರವನ್ನು ಆ ನಗರದ ಯಾವುದಾದರೂ ಸೂಪರ್‌ಮಾರ್ಕೆಟ್ಟಿನ ಆನ್‌ಲೈನ್ ಅಂಗಡಿಯಿಂದ ತೆಗೆದುಕೊಳ್ಳಬಹುದು. ಈ ನಾಲ್ಕಾರು ವಸ್ತುಗಳನ್ನು ತಾಣದವರೇ ಬುಟ್ಟಿಗೆ ಸೇರಿಸಿದರೆ ಜಗತ್ತಿನ ಎಷ್ಟೋ ಅಡುಗೆಮನೆಗಳಿಗೆ ಈ ಸೇವೆ ಇನ್ನಷ್ಟು ಒದಗುತ್ತಿತ್ತು.