ಹಾಲು ಹಾಕದ ಹಾಲಿನ ಚಾ: 14 ತಿಂಗಳು ಕುಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಮೊದಲ ಸಲ ನಾನು ಇದಕ್ಕೆ ಹಾಲು ಹಾಕಿ ಕುದಿಸಿದ್ದೆ. ಪ್ಯಾಕೆಟ್ಟಿನ ಮೇಲೆ 'ಮಿಲ್ಕ್ ಊಲಾಂಗ್' ಅಂತ ದೊಡ್ಡದಾಗಿ ಬರೆದಿತ್ತು. ಹಾಲಿನ ಚಾ ಅಂದ ಮೇಲೆ ಹಾಲು ಹಾಕಬೇಕಲ್ವಾ? ಜೊತೆಗೆ ಸಕ್ಕರೆಯೂ ಬಿತ್ತು, ಒಂದು ತುಂಡು ಶುಂಠಿಯೂ ಬಿತ್ತು. 50 ಗ್ರಾಮಿಗೆ 900 ರೂಪಾಯಿಯ ಎಲೆ. ಬಾಯಿಗಿಟ್ಟರೆ ಹುಲ್ಲಿನ ಪಾಯಸ. ಅತ್ತೆ ಒಂದೇ ಗುಟುಕು ಕುಡಿದು ಲೋಟ ಕೆಳಗಿಟ್ಟರು. ಏನೂ ಹೇಳಲಿಲ್ಲ. ಎಲೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಅಡಕೆ ಕತ್ತರಿಸಲು ಶುರು ಮಾಡಿದರು. ನಮ್ಮ ಮನೆಯಲ್ಲಿ ಅದಕ್ಕಿಂತ ಖಾರದ ವಿಮರ್ಶೆ ಇಲ್ಲ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಗುಡ್ಡದ ಬುಡದಲ್ಲಿ ಅಡಕೆ ತೋಟದ ಮನೆ. ವಾರವಿಡೀ ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಲ್ಲಿ ಹೋಟೆಲಿನಿಂದ ಬರುವ ಗಟ್ಟಿ ಚಾ ಕುಡಿಯದಿದ್ದರೆ ಕೂಡಿಸಬೇಕಾದ್ದನ್ನು ಕಳೆದು ಕೂತಿರುತ್ತೇನೆ. ಪೇಟೆಯಲ್ಲಿ ಹಾಲಿಲ್ಲದ್ದಕ್ಕೆ ಕಟ್ಟನ್ ಚಾಯ ಅಂತಾರೆ, ನಮ್ಮ ಮನೆಯಲ್ಲಿ ಕಣ್ಣ ಚಾ. ಅದನ್ನು ಕುಡಿಯುವುದು ಜ್ವರ ಬಂದಾಗ, ಇಲ್ಲವೇ ದನ ಗಬ್ಬವಾಗಿ ಹಾಲು ಬತ್ತಿದಾಗ. ಕೊಟ್ಟಿಗೆಯಲ್ಲಿ ಹಾಲು ಇರುವಾಗ ಹಾಲಿಲ್ಲದ ಚಾ ಕುಡಿಯುವುದೆಂದರೆ ಅತ್ತೆಯ ಲೆಕ್ಕದಲ್ಲಿ ಸುಮ್ಮನೆ ಜಿಪುಣತನ. ಹೀಗಿರುವ ಮನೆಗೆ ಬೆಂಗಳೂರಿನ ಅಣ್ಣನ ಮಗ ಈ ಚಾದ ಹುಚ್ಚು ಹಿಡಿಸಿದ. ಹಾಲು ಹಾಕಿದ ಕಥೆ ಫೋನಿನಲ್ಲಿ ಹೇಳಿದೆ. ಅವನು ನಗಲಿಲ್ಲ, ಅದೇ ಬೇಜಾರು. "ಚಿಕ್ಕತ್ತೆ, ಬರೀ ಬಿಸಿನೀರು ಹಾಕಿ ನೋಡಿ" ಅಂದ, ಅಷ್ಟೇ.

ಇದರೊಳಗೆ ಹಾಲು ಎಂಬುದೇ ಇಲ್ಲ. ಗಿಡವೇ ಹಾಗೆ. ತೈವಾನಿನ ಚಾ ಸಂಶೋಧನಾ ಕೇಂದ್ರ 1981ರಲ್ಲಿ ಬಿಡುಗಡೆ ಮಾಡಿದ ತಳಿ ಇದು. ದಾಖಲೆಯಲ್ಲಿ ತೈಚಾ 12, ಬಳಕೆಯಲ್ಲಿ ಜಿನ್ ಶುವಾನ್. ತಳಿ ಬೆಳೆಸಿದ ವು ಝೆನ್‌ಡುವೊ ಎಂಬ ವಿಜ್ಞಾನಿ ತನ್ನ ಅಜ್ಜಿಯ ಹೆಸರನ್ನೇ ಇಟ್ಟರು ಅಂತ ಹೇಳುತ್ತಾರೆ. ಅಜ್ಜಿಯ ಹೆಸರು ಅಂದಾಗ ಅತ್ತೆ ಅಡಕೆ ಕತ್ತರಿಸುವುದನ್ನು ಒಂದು ಕ್ಷಣ ನಿಲ್ಲಿಸಿದ್ದರು. ಕೊಯ್ದ ಎಲೆಯನ್ನು ಬಾಡಿಸಿ, ಅಲುಗಾಡಿಸಿ ಅಂಚು ಜಜ್ಜುತ್ತಾರೆ. ಅಂಚು ಕೆಂಪಾಗುತ್ತಾ ಬರುವಾಗ ಬಿಸಿ ಕೊಟ್ಟು ಅಲ್ಲಿಗೇ ನಿಲ್ಲಿಸುತ್ತಾರೆ. ಪೂರ್ತಿ ಬಿಟ್ಟಿದ್ದರೆ ಅದು ನಮ್ಮ ಅಂಗಡಿಯ ಚಾ, ಶುರುವಾಗುವ ಮೊದಲೇ ತಡೆದಿದ್ದರೆ ಗ್ರೀನ್ ಟೀ. ನಡುವೆ ನಿಂತದ್ದು ಊಲಾಂಗ್. ಆಮೇಲೆ ಬಟ್ಟೆಯಲ್ಲಿ ಗಂಟು ಕಟ್ಟಿ ಮತ್ತೆ ಮತ್ತೆ ಉರುಳಿಸಿ ಉಂಡೆ ಮಾಡುತ್ತಾರೆ. ಕೈಯಲ್ಲಿ ಹಿಡಿದರೆ ಒಳ್ಳೆ ದಪ್ಪ ಕಾಳುಮೆಣಸಿನ ಹಾಗೆ ಉಂಟು, ಬಣ್ಣ ಮಾತ್ರ ಕಡು ಹಸಿರು.

ಈ ಚಾ ಕುಡಿಯಲೆಂದೇ ಮುಚ್ಚಳವಿರುವ ಚೀನಾದ ಬಟ್ಟಲು ಸಿಗುತ್ತದೆ, ಗೈವಾನ್ ಅಂತಾರೆ. 400 ರೂಪಾಯಿ ಕೊಟ್ಟು ತರಿಸಿದೆ. ಹಿಡಿ ಇಲ್ಲ. ಬಗ್ಗಿಸಲು ಹೋಗಿ ಎರಡು ಬೆರಳು ಸುಟ್ಟಿತು. ಈಗ ಅದರಲ್ಲಿ ಸಾಸಿವೆ ಇದೆ. ನನಗೆ ಸಾಕಾದದ್ದು ಮನೆಯಲ್ಲಿದ್ದ ಒಂದು ಪಿಂಗಾಣಿ ಕಪ್ಪು, ಅದರ ಮೇಲೆ ಕವುಚಲು ಒಂದು ಸಾಸರ್. ಕಪ್ಪಿಗೆ ಹಿಡಿ ಉಂಟು, ಬೆರಳು ಉಳಿಯುತ್ತದೆ. 5 ಗ್ರಾಂ ಎಲೆ, ಅಂದರೆ ಸಣ್ಣ ಚಮಚದಲ್ಲಿ ಎರಡು. ನೀರು ಸುಮಾರು 100 ಮಿ.ಲೀ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಒಂದು ನಿಮಿಷ ಬಿಡುತ್ತೇನೆ. ಮೊದಲ ಸಲ ಮುಕ್ಕಾಲು ನಿಮಿಷ ನೆನೆಯಬೇಕು, ಉಂಡೆ ಬಿಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ಎರಡನೇ ಸಲಕ್ಕೆ ಅರ್ಧ ನಿಮಿಷ ಸಾಕು. ಆಮೇಲೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಜಾಸ್ತಿ. ಒಂದೇ ಎಲೆಯಿಂದ ಆರು ಸಲ ಬರುತ್ತದೆ.

ಬಗ್ಗಿಸಿದ ಕೂಡಲೇ ಕುಡಿಯಬೇಡಿ. ಮೊದಲು ಸಾಸರನ್ನು ಮಗುಚಿ ಮೂಗಿನ ಹತ್ತಿರ ಹಿಡಿಯಿರಿ. ನೀರಿನ ಹನಿಗಳು ಇನ್ನೂ ಅಂಟಿಕೊಂಡಿರುತ್ತವೆ. ಬಿಸಿ ಇರುವಾಗ ಬರುವುದು ಹೂವಿನ ಪರಿಮಳ. ಅದು ಮಲ್ಲಿಗೆಯೂ ಅಲ್ಲ, ಸಂಪಿಗೆಯೂ ಅಲ್ಲ. ಅಡಕೆಯ ಹಾಳೆ ಬಿಡಿಸಿ ಎಳೆ ಹಿಂಗಾರ ಹೊರಗೆ ತೆಗೆದಾಗ ಬರುತ್ತದಲ್ಲ, ಹಸಿ ಹಸಿಯಾಗಿ, ಸ್ವಲ್ಪ ಸಿಹಿಯಾಗಿ, ಅದು. ಹತ್ತು ಸೆಕೆಂಡು ಬಿಟ್ಟು ಸಾಸರ್ ಆರಿದ ಮೇಲೆ ಮತ್ತೊಮ್ಮೆ ಮೂಸಿ. ಈಗ ಕೆನೆ. ಆಗಷ್ಟೇ ಕಾಯಿಸಿ ಇಳಿಸಿದ ಹಾಲಿನ ಪಾತ್ರೆಯ ಅಂಚಿನಲ್ಲಿ ಇರುವ ಪರಿಮಳ. ಬಾಯಲ್ಲಿ ಮಾತ್ರ ಹಾಲಿನ ರುಚಿ ಹುಡುಕಬೇಡಿ, ಸಿಗುವುದಿಲ್ಲ. ನುಂಗಿದ ಮೇಲೆ ನಾಲಿಗೆ ಮೇಲೆ ಒಂದು ನುಣುಪು ಉಳಿಯುತ್ತದೆ, ಬೆಣ್ಣೆ ನೆಕ್ಕಿದ ಹಾಗೆ. ಐದನೇ ಸಲಕ್ಕೆ ಹೂವೆಲ್ಲ ಹೋಗಿ ಬೊಂಡದ ನೀರಿನಂಥ ಸಣ್ಣ ಸಿಹಿ ಮಾತ್ರ ಇರುತ್ತದೆ.

ಎರಡನೇ ಆದಿತ್ಯವಾರ ಸಾಸರನ್ನು ಅತ್ತೆಯ ಕೈಗೆ ಕೊಟ್ಟೆ. ಅವರಿಗೆ ಹಾಲಿನ ವಿಷಯದಲ್ಲಿ ಮೂಗು ಚುರುಕು. ಹಾಲು ತಳ ಹಿಡಿಯುವ ಮೊದಲೇ ಜಗಲಿಯಿಂದ ಕೂಗಿ ಹೇಳುತ್ತಾರೆ. ದನಕ್ಕೆ ಹಿಂಡಿ ಬದಲಿಸಿದರೆ ಮರುದಿನದ ಕಾಫಿಯಲ್ಲಿ ಕಂಡುಹಿಡಿಯುತ್ತಾರೆ. ಸಾಸರ್ ಮೂಸಿ, ನನ್ನ ಮುಖ ನೋಡಿ, ಮತ್ತೆ ಮೂಸಿದರು. "ಇದೆಂತರ ಕೂಸೇ, ಹಾಲು ಹಾಕದ್ದೆ ಹಾಲಿನ ಪರಿಮಳ!"

ಮೊದಲ ಪ್ಯಾಕೆಟ್ ಹೀಗೆ ಹತ್ತು ವಾರ ಬಂತು. ಎರಡನೆಯದರಲ್ಲಿ ನಾನು ಜಾಣತನ ಮಾಡಿದೆ. ಬೇರೊಬ್ಬ ಮಾರಾಟಗಾರ ಅದೇ ಹೆಸರಿನಲ್ಲಿ 100 ಗ್ರಾಂ 800ಕ್ಕೆ ಕೊಡುತ್ತಿದ್ದ. ಹೆಸರು ಬೇಡ. ಪ್ಯಾಕೆಟ್ ಕತ್ತರಿಸಿದ ಕೂಡಲೇ ಅಡುಗೆಮನೆ ತುಂಬ ಘಮ್ ಅಂತ ಬಂತು. ಪರವಾಗಿಲ್ಲ, ಮೊದಲಿನದಕ್ಕಿಂತ ಒಳ್ಳೆಯದೇ ಸಿಕ್ಕಿತು ಅಂದುಕೊಂಡೆ. ಅತ್ತೆ ಜಗಲಿಯಿಂದ ಒಳಗೆ ಬಂದರು. "ಮಿಠಾಯಿ ತಂದ್ಯಾ?"

ಅವರು ಹೇಳಿದ ಮೇಲೆ ನನಗೂ ಗೊತ್ತಾಯಿತು. ಹೌದು, ಮಿಠಾಯಿಯೇ. ಬಸ್ ಸ್ಟ್ಯಾಂಡ್ ಅಂಗಡಿಯ ಭರಣಿಯಲ್ಲಿ ಇರುತ್ತದಲ್ಲ, ಕಾಗದ ಸುತ್ತಿದ ಹಾಲು ಚಾಕಲೇಟು, ಅದರ ಪರಿಮಳ. ಮೊದಲ ನೀರಿನಲ್ಲಿ ಕಪ್ಪು ತುಂಬ ಚಾಕಲೇಟು. ಎರಡನೆಯದರಲ್ಲಿ ಅರ್ಧ. ಮೂರನೆಯದರಲ್ಲಿ ಏನೂ ಇಲ್ಲ, ಬರೀ ಒಗರು. ಹೂವಿನ ಸುದ್ದಿಯೇ ಇಲ್ಲ. ಪ್ಯಾಕೆಟ್ ತಿರುಗಿಸಿ ಕನ್ನಡಕ ಹಾಕಿ ನೋಡಿದರೆ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಪರಿಮಳ ಸೇರಿಸಲಾಗಿದೆ' ಅಂತ ಉಂಟು. ಸಾಧಾರಣ ಊಲಾಂಗಿಗೆ ಹಾಲಿನ ಎಸೆನ್ಸ್ ಹಾಕಿ ಹಾಲು ಊಲಾಂಗ್ ಅಂತ ಮಾರುವುದು ಈ ವ್ಯಾಪಾರದಲ್ಲಿ ತೀರಾ ಸಾಮಾನ್ಯವಂತೆ. ಅಸಲಿಯನ್ನು ಪತ್ತೆ ಹಚ್ಚುವುದು ಸುಲಭ. ಒಣಗಿದ ಉಂಡೆ ಮೂಸಿದಾಗಲೇ ಹಾಲು ಮೂಗಿಗೆ ಹೊಡೆದರೆ ಅನುಮಾನ ಪಡಿ. ಅಸಲಿ ಜಿನ್ ಶುವಾನ್ ಒಣಗಿದ್ದಾಗ ಅಷ್ಟೇನೂ ಮಾತಾಡುವುದಿಲ್ಲ, ನೀರು ಬಿದ್ದ ಮೇಲೆ ಬಾಯಿ ಬಿಡುತ್ತದೆ.

ಮಾರಾಟಗಾರನಿಗೆ ಬರೆದೆ. "ನಮ್ಮಲ್ಲಿ ಅತೀ ಹೆಚ್ಚು ಖರ್ಚಾಗುವುದು ಇದೇ ಮೇಡಂ" ಅಂತ ಉತ್ತರ ಬಂತು. ಪ್ಯಾಕೆಟ್ ಒಡೆದದ್ದಕ್ಕೆ ದುಡ್ಡು ವಾಪಸ್ ಇಲ್ಲ, ಮುಂದಿನ ಖರೀದಿಗೆ 10 ಪರ್ಸೆಂಟ್ ಕಡಿತದ ಕೂಪನ್ ಉಂಟು! ಪರಿಮಳ ಹಾಕುವುದು ತಪ್ಪು ಅಂತ ನಾನು ಹೇಳುವುದಿಲ್ಲ, ಅದನ್ನು ಮುಂದಿನ ಬದಿಯಲ್ಲಿ ಬರೆಯಲು ಏನು ಕಷ್ಟ? ಎರಡು ತಿಂಗಳು ಆ ಪ್ಯಾಕೆಟ್ ಕಂಡಾಗೆಲ್ಲ ಸಿಟ್ಟು ಬರುತ್ತಿತ್ತು. ಕೊನೆಗೆ ಮನೆಯಲ್ಲಿ ಪೂಜೆಗೆ ನೆಂಟರು ಬಂದಾಗ ಅದನ್ನು ಹಾಲು ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿ ಕೊಟ್ಟೆ. ಎಲ್ಲರೂ ಎರಡೆರಡು ಲೋಟ ಕುಡಿದರು. ಮೂವರು ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಕೂಪನ್ ಅವರಿಗೇ ಕೊಟ್ಟೆ.

ಮೂರನೇ ಪ್ಯಾಕೆಟ್ ಮೊದಲಿನವರದ್ದೇ, ಅಸಲಿ. ಆದರೂ ಏಪ್ರಿಲಿನಲ್ಲಿ ಒಂದು ದಿನ ಚಾ ಸತ್ತ ಹಾಗೆ ಇತ್ತು. ಬಣ್ಣ ಮಬ್ಬು, ಮೇಲೆ ತೆಳು ಪೊರೆ, ಹೂವು ಇಲ್ಲ. ಮತ್ತೆ ಮೋಸ ಹೋದೆ ಅಂತ ಮಾರಾಟಗಾರನಿಗೆ ಸಿಟ್ಟಿನ ಕಾಗದ ಅರ್ಧ ಬರೆದೂ ಆಗಿತ್ತು. ಆಮೇಲೆ ನೆನಪಾಯಿತು, ಆ ವಾರ ಅಡುಗೆಮನೆಗೆ ಬರುತ್ತಿದ್ದದ್ದು ಬೋರಿನ ನೀರು.

ನಮ್ಮ ಕಡೆಯ ಸುರಂಗದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಬಾವಿಯನ್ನು ಕೆಳಗೆ ತೋಡಿದರೆ ಸುರಂಗವನ್ನು ಗುಡ್ಡದೊಳಗೆ ಅಡ್ಡಕ್ಕೆ ತೋಡುತ್ತಾರೆ, ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ. ಮುರಕಲ್ಲಿನ ಸಂದಿಯಿಂದ ನೀರು ಜಿನುಗಿ ತಾನಾಗಿ ಹರಿದು ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಮೊದಲು ಅಡಕೆ ಮರದ ದಂಬೆಯಲ್ಲಿ ಮನೆಗೆ ಬರುತ್ತಿತ್ತು, ಈಗ ಪೈಪು. ಗಡಿಯ ಆಚೆ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಇಂಥ ಸುರಂಗ ತೋಡಿಯೇ ಬೋಳು ಗುಡ್ಡದಲ್ಲಿ ತೋಟ ಎಬ್ಬಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಸುರಂಗ ಮಾವನ ಅಪ್ಪನ ಕಾಲದ್ದು. ಮಾರ್ಚ್ ಕಳೆದ ಮೇಲೆ ಅದರ ನೀರು ಬೆರಳು ಗಾತ್ರಕ್ಕೆ ಇಳಿಯುತ್ತದೆ, ಆಗ ಬೋರಿನ ಮೋಟರು ಹಾಕುವುದು.

ಒಂದು ಚೊಂಬು ಹಿಡಿದು ಸುರಂಗದ ನೀರು ಬೀಳುವ ತೊಟ್ಟಿಯ ಹತ್ತಿರ ಹೋದೆ. ತುಂಬಲು ಸುಮಾರು ಹೊತ್ತು ಬೇಕಾಯಿತು. ಅದೇ ಎಲೆ, ಅದೇ ಕಪ್ಪು. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಸುರಂಗದ್ದು. ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದು ಕೆಸುವಿನ ಎಲೆ ತೊಳೆದ ನೀರಿನ ಹಾಗೆ, ಇನ್ನೊಂದು ಹೊಸ ಜೇನಿನ ತಿಳಿ ಹಳದಿ. ಬೋರಿನ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಅದು ಚಾದ ಒಗರಿಗೆ ಸೇರಿ ಕಪ್ಪಾಗುತ್ತದೆ. ನಮ್ಮ ಬೋರಿನ ಬಕೆಟ್ಟಿನ ತಳ ಯಾವಾಗಲೂ ಕೆಂಪು, ಅಷ್ಟಾದರೂ ನನಗೆ ಹೊಳೆದಿರಲಿಲ್ಲ. ಅರ್ಧ ಬರೆದ ಕಾಗದ ಅಳಿಸಿದೆ. ಮುಂದಿನ ಮಳೆ ಬರುವ ತನಕ ಆದಿತ್ಯವಾರ ಬೆಳಗ್ಗೆ ಚೊಂಬು ಹಿಡಿದು ತೊಟ್ಟಿಗೆ ಹೋಗುವುದು ನನ್ನ ಕೆಲಸವಾಯಿತು. ಕಾಲಿಗೆ ತಂಪು ಮಣ್ಣು, ಕಿವಿಗೆ ನೀರು ಬೀಳುವ ಸದ್ದು, ಕಾಯುವುದು. ನಿಜ ಹೇಳಬೇಕೆಂದರೆ ಚಾಕ್ಕಿಂತ ಅದೇ ಜಾಸ್ತಿ ಇಷ್ಟವಾಗಿತ್ತು.

ಆಟಿ ತಿಂಗಳಲ್ಲಿ ಇನ್ನೊಂದು ಪೆಟ್ಟು. ಹೊರಗೆ ಜಡಿಮಳೆ, ಒಳಗೆ ಬಟ್ಟೆ ಒಣಗದ ವಾಸನೆ. ಪ್ಯಾಕೆಟ್ಟಿನ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಹಲಸಿನ ಹಪ್ಪಳದ ಡಬ್ಬದ ಪಕ್ಕ ಇಟ್ಟಿದ್ದೆ. ಚಾದ ಎಲೆ ಪಕ್ಕದ ಮನೆಯ ಸುದ್ದಿಯನ್ನೂ ಹೀರಿಕೊಳ್ಳುವ ಜಾತಿ. ಎರಡು ವಾರ ಹಪ್ಪಳದ ಊಲಾಂಗ್ ಕುಡಿದೆವು. ಈಗ ಪ್ಯಾಕೆಟ್ಟಿನ ಗಾಳಿ ಹಿಂಡಿ, ಸ್ಟೀಲ್ ಡಬ್ಬದಲ್ಲಿಟ್ಟು, ದೇವರ ಕೋಣೆಯ ಕಪಾಟಿನಲ್ಲಿ ಇಡುತ್ತೇನೆ. ಕರ್ಪೂರ ಮಾತ್ರ ಬೇರೆ ಕಡೆಗೆ ಹೋಯಿತು.

ಇನ್ನು ದುಡ್ಡು. ಒಂದು ಪ್ಯಾಕೆಟ್ಟಿನಲ್ಲಿ ಹತ್ತು ಸಲ, ಸಲಕ್ಕೆ 90 ರೂಪಾಯಿ. ಆರು ನೀರು ಬರುವುದರಿಂದ ಒಂದಕ್ಕೆ 15. ಹೋಟೆಲಿನ ಚಾಕ್ಕೂ ಹೆಚ್ಚುಕಡಿಮೆ ಅಷ್ಟೇ ಅಂತ ಗಂಡನಿಗೆ ಲೆಕ್ಕ ತೋರಿಸಿದ್ದೇನೆ. ಲೆಕ್ಕ ಸರಿ ಉಂಟು, ಆದರೆ ಹೋಟೆಲಿನಲ್ಲಿ ಯಾರೂ ಒಂದೇ ಕೂತಲ್ಲಿ ಆರು ಚಾ ಕುಡಿಯುವುದಿಲ್ಲ. ದಿನಾ ಕುಡಿಯುವ ಚಾ ಇದಲ್ಲ. ಎಬ್ಬಿಸಿ ಕೂರಿಸುವ ಗಟ್ಟಿ ಚಾ ಬೇಕಾದವರಿಗೂ ಅಲ್ಲ, ಅವರಿಗೆ ಇದು ಬಿಸಿನೀರು. ನಮ್ಮಲ್ಲಿ ವಾರಕ್ಕೊಮ್ಮೆ ಮಾತ್ರ. 14 ತಿಂಗಳಲ್ಲಿ ಅಸಲಿಯದ್ದು ಐದು ಪ್ಯಾಕೆಟ್ ಆಯಿತು.

ಅತ್ತೆಗೆ ಇದರ ಮೇಲೆ ಪ್ರೀತಿ ಬರಲು ಇನ್ನೊಂದು ಕಾರಣವೂ ಉಂಟು. ತೈವಾನಿನ ಗುಡ್ಡಗಳಲ್ಲಿ ಚಾ ಮಾತ್ರ ಅಲ್ಲ, ಅಡಕೆಯೂ ಬೆಳೆಯುತ್ತದೆ. ಚಾಕ್ಕೆ ಹೆಸರಾದ ಅಲಿಶಾನ್ ಇರುವ ಜಿಯಾಯಿ ಜಿಲ್ಲೆಯಲ್ಲೂ ಅಡಕೆ ತೋಟಗಳುಂಟು. ಫೋನಿನಲ್ಲಿ ಫೋಟೋ ತೋರಿಸಿದೆ. ಕಣ್ಣು ಸಣ್ಣ ಮಾಡಿ ನೋಡಿದರು. "ಅವುದೆ ಎಲೆ ಅಡಕ್ಕೆ ತಿಂತವಾ?" ತಿನ್ನುತ್ತಾರೆ, ಹಸಿ ಎಳೆ ಅಡಕೆಗೆ ಸುಣ್ಣ ಹಚ್ಚಿ ಅಂದೆ. ಒಣಗಿಸದೆ ತಿನ್ನುವವರು ಎಂಥವರೋ ಅಂತ ತಲೆ ಆಡಿಸಿದರು. ಆದರೂ ಅವತ್ತಿನಿಂದ ಅದು 'ಅಡಕೆಯವರ ಚಾ' ಆಯಿತು. ಎಲೆ ಹಾಕಿದ ಬಾಯಿಗೆ ಈ ಚಾದ ರುಚಿ ಹತ್ತುವುದಿಲ್ಲ ಅಂತ ಅವರೇ ಕಂಡುಕೊಂಡು, ಆದಿತ್ಯವಾರ ಮಾತ್ರ ಎಲೆ ತಟ್ಟೆಯನ್ನು ಮೂರನೇ ನೀರು ಆಗುವ ತನಕ ಮುಟ್ಟುವುದಿಲ್ಲ.

ಹೋದ ಆದಿತ್ಯವಾರ ನಾನು ಮದುವೆಗೆಂದು ನೀರ್ಚಾಲಿಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಪಿಂಗಾಣಿ ಕಪ್ಪು ತೊಳೆದು ಕವುಚಿಟ್ಟಿತ್ತು. ಮಲ್ಲಿಗೆ ಗಿಡದ ಬುಡದಲ್ಲಿ ನೆನೆದ ಎಲೆ ಅಗಲಕ್ಕೆ ಬಿಚ್ಚಿಕೊಂಡು ಬಿದ್ದಿತ್ತು, ತೊಟ್ಟಿನ ಸಮೇತ. ಡಬ್ಬ ತೆಗೆದರೆ ಒಂದು ವಾರಕ್ಕೆ ಇರಬೇಕಾದ್ದು ಇಲ್ಲ. ಅತ್ತೆ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ರಾತ್ರಿ ಆರನೇ ಪ್ಯಾಕೆಟ್ ಆರ್ಡರ್ ಮಾಡಿದೆ. ಈ ಸಲ 100 ಗ್ರಾಂ.