ಅಂಗಳದ ಕ್ಯಾಮೆರಾಗೆ ಖಾಯಂ ಐಪಿ: ಕ್ಯಾಮೆರಾದಲ್ಲೇ ಬರೆಯಬೇಕೋ, ರೂಟರ್‌ನಲ್ಲಿ ಕಾದಿರಿಸಬೇಕೋ?

ಅಂಗಳದಲ್ಲಿ ಅಡಿಕೆ ಒಣಗುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಗಟ್ಟಿ ನಿದ್ದೆ ಬರುವುದಿಲ್ಲ. ಅದಕ್ಕೇ ತೀರ್ಥಹಳ್ಳಿ ಕಡೆಯ ಈ ಮನೆಗೆ ಎರಡು ಕ್ಯಾಮೆರಾ ತಂದೆವು. ಅಂಗಳದ್ದಕ್ಕೆ ಕೇಬಲ್ ಎಳೆದಿದ್ದೇವೆ, ಅಡಿಕೆ ಬೇಯಿಸುವ ಒಲೆಯ ಹತ್ತಿರದ್ದು ವೈಫೈ. ಅಪ್ಪಯ್ಯ ತಮ್ಮ ಮೊಬೈಲಿನಲ್ಲಿ ಅಂಗಳದ ಕ್ಯಾಮೆರಾದ ಐಪಿ, ಅಂದರೆ ಮನೆಯ ನೆಟ್‌ವರ್ಕಿನಲ್ಲಿ ಅದರ ವಿಳಾಸ, 192.168.1.10 ಎಂದು ಉಳಿಸಿಕೊಂಡಿದ್ದಾರೆ. ಅದನ್ನು ಒತ್ತಿದರೆ ಅಂಗಳ ಕಾಣಬೇಕು.

ಮೊದಲು ಎಲ್ಲವನ್ನೂ ರೂಟರ್‌ಗೇ ಬಿಟ್ಟಿದ್ದೆ. ಡಿಎಚ್‌ಸಿಪಿ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ರೂಟರ್ ತಾನೇ ವಿಳಾಸ ಹಂಚುತ್ತದೆ, ಗೇಣಿಗೆ ಕೊಟ್ಟ ಹಾಗೆ. ನಮ್ಮ ರೂಟರ್‌ನಲ್ಲಿ ಅವಧಿ 24 ಗಂಟೆ, ಅರ್ಧ ಕಳೆಯುತ್ತಲೇ ಕ್ಯಾಮೆರಾ ನವೀಕರಣ ಕೇಳುತ್ತದೆ. ಕರೆಂಟು ಇರುವಷ್ಟು ದಿನ ತೊಂದರೆಯಿಲ್ಲ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋಗಿ ಬಂದಾಗ ಅಂಗಳ .10 (ವಿಳಾಸದ ಕೊನೆಯ ಸಂಖ್ಯೆ) ಬಿಟ್ಟು .14ಕ್ಕೆ ಹೋಗಿತ್ತು. "ಅಂಗಳ ಕಾಣ್ತಾನೇ ಇಲ್ವಲ್ಲ ಮಾರಾಯ" ಎಂದು ಅಪ್ಪಯ್ಯ ಫೋನ್ ಮಾಡಿದ ದಿನವೇ ಈ ದಾರಿ ಕೈಬಿಟ್ಟೆ.

ಆಮೇಲೆ ಕ್ಯಾಮೆರಾದ ಒಳಗೇ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ, ಬರೆದೆ. ವಿಳಾಸ 192.168.1.10, ಸಬ್‌ನೆಟ್ ಮಾಸ್ಕ್ 255.255.255.0 (ಮನೆಯ ನೆಟ್‌ವರ್ಕಿನ ಎಲ್ಲೆ ಹೇಳುವ ಸಂಖ್ಯೆ), ಗೇಟ್‌ವೇ 192.168.1.1 (ಅಂದರೆ ರೂಟರ್). ಎರಡು ನಿಮಿಷದ ಕೆಲಸ. ಆದರೆ ಒಂದು ದೊಡ್ಡ ತಪ್ಪು ಮಾಡಿದ್ದೆ: ರೂಟರ್ ಹಂಚುತ್ತಿದ್ದುದು .2ರಿಂದ .254ರವರೆಗೆ, ನನ್ನ .10 ಅದರ ಮಧ್ಯದಲ್ಲೇ ಇತ್ತು. ದೀಪಾವಳಿಗೆ ನೆಂಟರು ಬಂದಿದ್ದಾಗ ಕರೆಂಟು ಹೋಯಿತು. ರೂಟರ್ ಇನ್ವರ್ಟರ್ ಮೇಲೆ, ಕ್ಯಾಮೆರಾ ಕೊಟ್ಟಿಗೆ ಲೈನಿನಲ್ಲಿ. ಆ ಹೊತ್ತಿನಲ್ಲಿ .10 ಒಬ್ಬರ ಮೊಬೈಲಿಗೆ ಹೋಯಿತು, ಕರೆಂಟು ಬಂದ ಮೇಲೆ ಕ್ಯಾಮೆರಾವೂ .10 ನನ್ನದೇ ಎಂದಿತು. ಚಿತ್ರ ಒಮ್ಮೆ ಬರುತ್ತದೆ, ಮರುಕ್ಷಣ ನಿಲ್ಲುತ್ತದೆ. ಆ ವಿಳಾಸದಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳುವ ಪಿಂಗ್‌ಗೆ ಉತ್ತರವಿದೆ, ಪುಟ ತೆರೆಯುವುದಿಲ್ಲ. ಕೇಬಲ್ ಇಲಿ ಕಡಿದಿರಬೇಕೆಂದು ಟಾರ್ಚ್ ಹಿಡಿದು ಮಾಡಿನ ಕೆಳಗೆಲ್ಲ ಹುಡುಕಿದೆ. ಕೊನೆಗೆ ಲ್ಯಾಪ್‌ಟಾಪಿನ ಎಆರ್‌ಪಿ ಪಟ್ಟಿಯಲ್ಲಿ (ಯಾವ ವಿಳಾಸ ಯಾವ ಸಾಧನದ್ದು ಎನ್ನುವ ಪಟ್ಟಿ) .10ರ ಎದುರಿದ್ದ ಮ್ಯಾಕ್ ಸಂಖ್ಯೆಗೂ (ಸಾಧನದ ಗುರುತು ಸಂಖ್ಯೆ) ಕ್ಯಾಮೆರಾದ ಸ್ಟಿಕ್ಕರಿನ ಸಂಖ್ಯೆಗೂ ತಾಳೆಯಾಗಲಿಲ್ಲ, ಆಗ ಗೊತ್ತಾಯಿತು. ರೂಟರ್ ಹಂಚುವ ವ್ಯಾಪ್ತಿಯನ್ನು .100ರಿಂದ .199ರವರೆಗೆ ಮಾತ್ರ ಎಂದು ಕಿರಿದು ಮಾಡಿದೆ. ಮತ್ತೆ ಆ ಜಗಳ ಬಂದಿಲ್ಲ.

ಒಲೆಯ ಕ್ಯಾಮೆರಾಗೆ ಮತ್ತು ಪ್ರಿಂಟರ್‌ಗೆ ರೂಟರ್‌ನಲ್ಲೇ ವಿಳಾಸ ಕಾದಿರಿಸಿದೆ. ಇಲ್ಲಿ ಸಾಧನವನ್ನು ಮುಟ್ಟುವುದೇ ಬೇಡ. ಅದರ 12 ಅಕ್ಷರದ ಮ್ಯಾಕ್ ಸಂಖ್ಯೆಗೆ ಎದುರಾಗಿ ವಿಳಾಸ ಬರೆದರಾಯಿತು. ಯಾರಿಗೆ ಯಾವುದು ಎನ್ನುವುದು ಒಂದೇ ಪುಟದಲ್ಲಿ ಕಾಣುತ್ತದೆ, ನನಗೆ ಇದು ತುಂಬ ಇಷ್ಟ. ಎಡವಿದ್ದು ಒಂದೇ ಕಡೆ: ಕ್ಯಾಮೆರಾವನ್ನು ಮೊದಲು ಕೇಬಲ್‌ನಲ್ಲಿ ಜೋಡಿಸಿದ್ದೆ, ಆ ಮ್ಯಾಕ್ ಬರೆದೆ. ವೈಫೈಗೆ ಬೇರೆಯೇ ಮ್ಯಾಕ್ ಇರುತ್ತದೆ. ಮೊಬೈಲಿಗೆ ಕಾದಿರಿಸುವವರೂ ನೋಡಿಕೊಳ್ಳಿ: ಆಂಡ್ರಾಯ್ಡ್ 10ರಿಂದೀಚೆಗೆ ಫೋನು ವೈಫೈಗೆ ನಿಜವಾದ ಮ್ಯಾಕ್ ಬದಲು ಸುಳ್ಳು ಮ್ಯಾಕ್ ತೋರಿಸಬಹುದು, ಮನೆಯ ವೈಫೈ ಮಟ್ಟಿಗೆ ಅದನ್ನು ಆಫ್ ಮಾಡಬೇಕು.

ಎರಡನ್ನೂ ಪರೀಕ್ಷೆಗೆ ಹಚ್ಚಿದ್ದು ಮೇ ತಿಂಗಳ ಸಿಡಿಲು. ಪ್ಲಗ್ ಕಿತ್ತಿಡಲು ಮರೆತೆವು, ರೂಟರ್ ಸುಟ್ಟಿತು, ಕಾದಿರಿಸಿದ ಪಟ್ಟಿಯೂ ಅದರ ಜೊತೆಗೇ ಹೋಯಿತು. ಹೊಸದು 192.168.0.1ರಲ್ಲಿ ಎದ್ದಿತು. ಒಲೆಯ ಕ್ಯಾಮೆರಾ, ಹೊಸ ರೂಟರ್‌ಗೆ ಹಳೆಯ ವೈಫೈ ಹೆಸರು, ಪಾಸ್‌ವರ್ಡ್ ಕೊಟ್ಟ ಕೂಡಲೇ ಹೊಸ ವಿಳಾಸ ತೆಗೆದುಕೊಂಡು ಬದುಕಿತು. ಅಂಗಳದ್ದು ಹಳೆಯ 192.168.1 ಸಾಲಿನಲ್ಲೇ ಕೂತಿತ್ತು, ಕಾಣಲೇ ಇಲ್ಲ. ಆದರೆ ರೂಟರ್‌ನ ಸ್ವಂತ ವಿಳಾಸವನ್ನು 192.168.1.1 ಮಾಡಿದ್ದೇ ತಡ, ಅಂಗಳ .10ರಲ್ಲಿ ತಾನಾಗಿ ಬಂತು. ಉಳಿದ ಪಟ್ಟಿಯನ್ನು ಮೊದಲಿನಿಂದ ಟೈಪ್ ಮಾಡಬೇಕಾಯಿತು.

ಇನ್ನೊಂದು ವ್ಯತ್ಯಾಸ ಇನ್ವರ್ಟರೂ ಖಾಲಿಯಾಗಿ ಮತ್ತೆ ಕರೆಂಟು ಬಂದಾಗ ಕಾಣುತ್ತದೆ. ನಮ್ಮ ಫೈಬರ್ ರೂಟರ್ ಏಳಲು ಎರಡು ನಿಮಿಷ ಬೇಕು, ಕ್ಯಾಮೆರಾ ಅರ್ಧ ನಿಮಿಷದಲ್ಲಿ ಸಿದ್ಧ. ಅಂಗಳದ ಕ್ಯಾಮೆರಾವನ್ನೂ ಕೆಲವು ದಿನ ಕಾದಿರಿಸಿದ ವಿಳಾಸಕ್ಕೆ ಹಾಕಿ ನೋಡಿದ್ದೆ. ಕೇಳಿದಾಗ ವಿಳಾಸ ಕೊಡುವವರಿಲ್ಲದೆ ಅದು 169.254ರಿಂದ ಶುರುವಾಗುವ, ಮನೆಯ ಸಾಲಿಗೆ ಸೇರದ ವಿಳಾಸ ತಾನೇ ಹಾಕಿಕೊಂಡು ಕೂತುಬಿಡುತ್ತಿತ್ತು. ಸ್ಟ್ಯಾಟಿಕ್ ಆದರೆ ಯಾರನ್ನೂ ಕಾಯುವುದಿಲ್ಲ.

ಹಾಗಾಗಿ ಅಂಗಳದ್ದು ಸ್ಟ್ಯಾಟಿಕ್, ಹಂಚುವ ವ್ಯಾಪ್ತಿಯ ಹೊರಗೆ. ಪ್ರಿಂಟರ್, ಒಲೆಯ ಕ್ಯಾಮೆರಾ ರೂಟರ್ ಪಟ್ಟಿಯಲ್ಲಿ. ಎಲ್ಲ ಮ್ಯಾಕ್ ಮತ್ತು ವಿಳಾಸಗಳನ್ನು ಒಂದು ಹಾಳೆಯಲ್ಲಿ ಬರೆದು, ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ.